ಟಾಕೀಜಿನ ಇಂಜಿನ್, ವಾಡೆಯ ಮೋಟಾರು

ಇಂಜಿನ್ ಅಂದರೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸುವ ವಸ್ತು ಎಂದು ನಾನು ನಂಬಿದ್ದ ಕಾಲ ಅದು. ಬಾವಿಯ ದಂಡೆಯಲ್ಲಿ ಕಾಂಕ್ರೀಟಿನ ಕಟ್ಟೆ, ಕಟ್ಟೆಯ ಮೇಲೆ ಇಂಜಿನ್, ಅದರ ಮಗ್ಗುಲಲ್ಲಿ ಪಂಪು. ಇಂಜಿನ್ ಕೂತಲ್ಲೇ ಕೂತು ದುಡಿಯಬೇಕು, ಎದ್ದು ಊರೂರು ತಿರುಗಬಾರದು. ಹಾಗೆ ತಿರುಗುವ ಇಂಜಿನ್ನುಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿರಲಿಲ್ಲ. ಅವನ್ನು ತಿರುಗಿಸುವ ಡ್ರೈವರುಗಳ ಬಗ್ಗೆ ಇನ್ನೂ ಕಡಿಮೆ. ಜತ್ತ ಪೇಟೆಯ ಹೊರಬದಿಗೆ ನನ್ನದೊಂದು ತಗಡಿನ ಶೆಡ್ಡು ಇತ್ತು. ಸುತ್ತಲಿನ ಹಳ್ಳಿಗಳ ಬಾವಿ ಇಂಜಿನ್ನುಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಆ ಶೆಡ್ಡಿನೊಳಗೆ ಮೋಟಾರು ಗಾಡಿ ಬಂದದ್ದಿಲ್ಲ, ಬರಲಿ ಎಂದು ನಾನು ಬಯಸಿದ್ದೂ ಇಲ್ಲ.

ಗಣಪತಿ ಹಬ್ಬದ ಮುಂದೆ ಒಂದು ಮುಂಜಾನೆ ಎರಡು ಎತ್ತುಗಳು ಒಂದು ಪುಟ್ಟ ಕಾರನ್ನು ಎಳೆದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತವು. ಸ್ಟೇರಿಂಗಿನ ಹಿಂದೆ ಖಾಕಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ತಲೆಗೆ ಟೊಪ್ಪಿಗೆಯಿಟ್ಟುಕೊಂಡು ಒಬ್ಬರು ಕೂತಿದ್ದರು. ಗಾಡಿಯನ್ನು ಎತ್ತು ಎಳೆಯಲಿ, ಇಂಜಿನ್ ಎಳೆಯಲಿ, ತಾವು ಡ್ರೈವರು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ನಾನು ಅವರನ್ನು ಬಲ್ಲೆ. ಊರೆಲ್ಲ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿತ್ತು. ಸಂಸ್ಥಾನ ಇದ್ದಾಗ ವಾಡೆಯ, ಅಂದರೆ ಅರಮನೆಯ, ಮಕ್ಕಳನ್ನು ತಿರುಗಾಡಿಸಲು ಇಟ್ಟಿದ್ದ ವಿಲಾಯತಿ ಬೇಬಿ ಕಾರು ಅದು, ಅದರ ಡ್ರೈವರು ಅವರು. ಸಂಸ್ಥಾನ ಮುಗಿದು ಮುಂಬಯಿ ರಾಜ್ಯಕ್ಕೆ ಸೇರಿದಾಗ ವಾಡೆಯ ನೌಕರಿಗಳೆಲ್ಲ ಹೋದವು. ಡ್ರೈವರಿಗೆ ಕಾರನ್ನೇ ಕೊಟ್ಟು ಕಳಿಸಿದರು. ಅಂದಿನಿಂದ ಅದರಲ್ಲಿ ಮಂದಿಯನ್ನು ಕೂರಿಸಿಕೊಂಡು ಜತ್ತದಿಂದ ರೈಲ್ವೆ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಜತ್ತಕ್ಕೆ ಓಡಾಡಿಸಿ ಹೊಟ್ಟೆ ಹೊರೆಯುತ್ತಿದ್ದರು.

"ಏನಾಗೇತ್ರಿ ಕಾಕಾ?" ಎಂದೆ.

"ಕಾಲು ಮುರದೈತಿ ಅಂತ ಕಾಣತೈತಿ, ಮಿಸ್ತ್ರಿ. ಹೊಟ್ಟಿ ಒಡದು ಹೊರಗ ಬಂದೈತಿ."

ಮುಚ್ಚಳ ಎತ್ತಿ ನೋಡಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವೆ ಇರುವ ಕನೆಕ್ಟಿಂಗ್ ರಾಡು ತುಂಡಾಗಿ, ಬ್ಲಾಕಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಇಣುಕುತ್ತಿತ್ತು. ತೂತಿನಲ್ಲಿ ನನ್ನ ಮುಷ್ಟಿ ಸಲೀಸಾಗಿ ಹೋಯಿತು. ಬೀಡುಕಬ್ಬಿಣದ ಬ್ಲಾಕು. ಅದಕ್ಕೆ ತೇಪೆ ಹಾಕಲು ಬರುವುದಿಲ್ಲ. ಹೊಸ ಬ್ಲಾಕು ವಿಲಾಯತಿನಿಂದ ಬರಬೇಕು. ಅದರ ಬೆಲೆಗೆ ಇಂಥ ಹಳೆಯ ಕಾರು ಇನ್ನೊಂದು ಸಿಗುತ್ತದೆ.

ರಾಡು ಹೀಗೆ ಮುರಿಯುವುದು ಇಂಜಿನ್ನನ್ನು ಮಿತಿಮೀರಿ ಓಡಿಸಿದಾಗ. ಕಾಕಾ ಇಳಿಜಾರಿನಲ್ಲಿ ಗಾಡಿಯನ್ನು ಹುಚ್ಚಾಪಟ್ಟೆ ಬಿಟ್ಟಿದ್ದಾರೆ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ. ಬಾಯಿಬಿಟ್ಟು ಹೇಳಲಿಲ್ಲ.

"ಆಗೂದಿಲ್ರಿ," ಎಂದೆ.

"ದೀಪಾವಳಿ ಮುಂದ ಮೋಟಾರ್ ಇನ್‌ಸ್ಪೆಕ್ಟರ್ ಸಾಹೇಬ್ರು ಜತ್ತಕ್ಕ ಬರತಾರಂತ. ಗಾಡಿ ಓಡಿಸಿ ತೋರಸಬೇಕು. ತೋರಸಲಿಲ್ಲಂದ್ರ ಪರ್ಮಿಟ್ ಬ್ಯಾರೆದಾವರಿಗೆ ಹೋಗತೈತಿ. ಅರ್ಜಿ ಹಾಕ್ಕೊಂಡು ಕುಂತಾರ."

"ಆಮ್ಯಾಲ ನೀವು?"

"ಮಾಡಗ್ಯಾಳಕ್ಕ. ತಮ್ಮನ ಕುರಿ ಕಾಯಾಕ." ಅವರು ಟೊಪ್ಪಿಗೆ ತೆಗೆದು ಅದರ ಒಳಗೆ ನೋಡಿದರು. "ಹದಿನೈದು ವರ್ಷದ ಹುಡುಗ ಇದ್ದಾಗ ಕುರಿ ಬಿಟ್ಟು ಓಡಿ ಬಂದಾಂವ ನಾ. ಈಗ ಹೊಳ್ಳಿ ಹೋಗಿ ಬಡಿಗಿ ಹಿಡೀಬೇಕು."

ಅವರ ತಮ್ಮನೂ ಜೊತೆಗೇ ಬಂದಿದ್ದ, ಎತ್ತುಗಳು ಅವನವೇ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಅವನು ನನ್ನನ್ನು ಬದಿಗೆ ಕರೆದ.

"ಮಿಸ್ತ್ರಿ, ಏನಾರ ಮಾಡಿ ಗಾಡಿ ಓಡೂ ಹಾಂಗ ಮಾಡ್ರಿ. ನಮ್ಮ ಹಿಂಡಿನ ದೊಡ್ಡ ಟಗರ ಮಾರಿ ಕೊಡತೀನಿ. ಅಣ್ಣನ ಕೈಯಾಗ ಕುರಿ ಕೊಟ್ರ ಅಂವ ಹಾರ್ನ್ ಬಾರಿಸಿ ಎಲ್ಲಾನೂ ಬೆದರಸತಾನು. ಒಂದು ಟಗರ ಹೋದ್ರ ಹೋಗಲಿ, ಹಿಂಡು ಉಳೀತೈತಿ."

ನಕ್ಕೆ. ಆದರೆ ಮಾಡಗ್ಯಾಳದ ಕುರುಬ ಹಿಂಡಿನ ಟಗರನ್ನು ಮಾರುತ್ತೇನೆ ಎನ್ನುವುದು ಸಣ್ಣ ಮಾತಲ್ಲ ಎಂಬುದು ನನಗೆ ಗೊತ್ತಿತ್ತು. ನೋಡೋಣ ಎಂದೆ. ಅಷ್ಟು ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ.

ಕಾರಿಗೆ ಹಾಕಲು ಬೇರೆ ಇಂಜಿನ್ ಎಲ್ಲಾದರೂ ಇದೆಯೇ ಎಂದು ಹುಡುಕಿದಾಗ ಅದು ಸಿಕ್ಕಿದ್ದು ಸಿನಿಮಾ ತಂಬುವಿನ ಹಿಂದೆ. ಆ ಹಂಗಾಮಿಗೆ ಊರ ಹೊರಗೆ ಟೂರಿಂಗ್ ಟಾಕೀಜ್ ಬೀಡುಬಿಟ್ಟಿತ್ತು. ಮಾಲಕರು ಮಿರಜ ಕಡೆಯವರು, ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಒಂದು ಜನರೇಟರ್ ಸೆಟ್ಟು ಕೊಂಡಿದ್ದರು. ಅದರ ಡೈನಮೋ ಸುಟ್ಟುಹೋಗಿ, ಅವರು ಬೇರೆ ದೊಡ್ಡ ಸೆಟ್ಟು ತಂದು, ಹಳೆಯದು ಕುರ್ಚಿಗಳ ರಾಶಿಯ ಮಗ್ಗುಲಲ್ಲಿ ಬಿದ್ದಿತ್ತು. ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಇಂಜಿನ್ನು, ಕಾರಿನ ಇಂಜಿನ್ನಿನ ದಾಯಾದಿಯ ಹಾಗೆ ಕಂಡಿತು. ನಾನು ಒಂದು ಬಿದಿರು ಕಡ್ಡಿ, ಒಂದು ಹುರಿ ಹಿಡಿದುಕೊಂಡು ಅದರ ಉದ್ದ, ಅಗಲ, ಕ್ರ್ಯಾಂಕಿನ ಎತ್ತರ ಎಲ್ಲವನ್ನೂ ಗಂಟು ಹಾಕಿ ಅಳೆದೆ. ಮಾಲಕರು ಮರಾಠಿಯಲ್ಲಿ, ಅಂಗಿ ಹೊಲಿಸುತ್ತೀರಾ ಇದಕ್ಕೆ ಎಂದು ಕೇಳಿದರು. ಹುರಿ ತಂದು ಕಾರಿನ ಮೂಗಿನೊಳಗೆ ಇಳಿಸಿ ನೋಡಿದೆ. ನಾಲ್ಕು ಬೆರಳು ಉದ್ದವಾಯಿತು. ಉಳಿದದ್ದೆಲ್ಲ ಹಿಡಿಸುತ್ತಿತ್ತು. ಟಗರು ಮಾರಿದ ಮಾರನೆಯ ದಿನ ಇಂಜಿನ್ ನನ್ನ ಶೆಡ್ಡಿಗೆ ಬಂತು.

ಹಳೆಯದನ್ನು ಕಳಚಿ ಮೂಲೆಗೆ ಸರಿಸಿದೆ. ಎರಡನ್ನೂ ಮಗ್ಗುಲುಮಗ್ಗುಲಿಗೆ ಇಟ್ಟಾಗ ತೊಂದರೆಗಳು ಒಂದೊಂದಾಗಿ ಕಂಡವು. ಹೊರಗಿನಿಂದ ದಾಯಾದಿಯಂತೆ ಕಂಡದ್ದು ಒಳಗೂ ದಾಯಾದಿಯೇ, ಯಾವುದರಲ್ಲೂ ಹೊಂದುವುದಿಲ್ಲ. ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚದಲ್ಲಿ ಬೋಲ್ಟಿನ ತೂತುಗಳು ಒಂದು ಕಡೆ, ಇಂಜಿನ್ನಿನ ಬೆನ್ನಿನಲ್ಲಿ ಇನ್ನೊಂದು ಕಡೆ. ಜನರೇಟರಿನ ಇಂಜಿನ್ನಿಗೆ ಕ್ಲಚ್ಚು ಎಂಬುದೇ ಗೊತ್ತಿಲ್ಲ, ಅದರ ಫ್ಲೈವೀಲು, ಅಂದರೆ ಕ್ರ್ಯಾಂಕಿನ ತುದಿಯ ಭಾರದ ಚಕ್ರ, ನೇರವಾಗಿ ಡೈನಮೋಗೆ ಕಟ್ಟಿದ್ದು. ಕಾರಿನ ಹಳೆಯ ಇಂಜಿನ್ನಿನ ಚಕ್ರ ಹಾಕೋಣವೆಂದರೆ ಕ್ರ್ಯಾಂಕಿನ ತುದಿಗೆ ಅದು ಕೂರುವುದಿಲ್ಲ.

ಎರಡರ ನಡುವೆ ಒಂದು ದಪ್ಪ ತಟ್ಟೆ ಬೇಕಿತ್ತು, ಒಂದು ಮುಖಕ್ಕೆ ಇಂಜಿನ್ನಿನ ತೂತು, ಇನ್ನೊಂದಕ್ಕೆ ಗೇರ್‌ಬಾಕ್ಸಿನವು. ರೈಲ್ವೆಯ ಗುಜರಿ ರಾಶಿಯಲ್ಲಿ ಅರ್ಧ ಇಂಚು ದಪ್ಪದ ಉಕ್ಕಿನ ಪ್ಲೇಟು ಸಿಕ್ಕಿತು. ಕಾಗದವನ್ನು ಇಂಜಿನ್ನಿನ ಬೆನ್ನಿಗೆ ಒತ್ತಿ, ಎಣ್ಣೆಗೈಯಿಂದ ಸವರಿ, ತೂತುಗಳ ಗುರುತು ತೆಗೆದೆ. ಗೇರ್‌ಬಾಕ್ಸಿಗೂ ಹಾಗೇ. ಪ್ಲೇಟು, ಚಕ್ರ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ಮಿರಜಿಗೆ ಬಸ್ಸಿನಲ್ಲಿ ಒಯ್ದೆ. ಅಲ್ಲಿ ಲೇಥು ಇತ್ತು. ಚಕ್ರದ ನಡುವಿನ ತೂತನ್ನು ದೊಡ್ಡದು ಮಾಡಿಸಿ, ಹೊಸ ಬೋಲ್ಟುಗಳಿಗೆ ದಾರಿ ಕೊರೆಸಿ ತಂದೆ. ಬಸ್ಸಿನ ಕಂಡಕ್ಟರು ಚೀಲಕ್ಕೆ ಒಬ್ಬ ಮನುಷ್ಯನ ಟಿಕೇಟು ಹರಿದ.

ನಿಜವಾದ ಕಷ್ಟ ನಡುವನ್ನು ಹಿಡಿಯುವುದರಲ್ಲಿತ್ತು. ಕ್ರ್ಯಾಂಕಿನ ನಡುವೂ ಗೇರ್‌ಬಾಕ್ಸಿನ ಶಾಫ್ಟಿನ ನಡುವೂ ಒಂದೇ ಗೆರೆಯಲ್ಲಿ ಇರಬೇಕು. ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ಸವೆಯುತ್ತದೆ, ಬೇರಿಂಗು ಹೋಗುತ್ತದೆ. ಅಷ್ಟು ಸಣ್ಣದನ್ನು ಅಳೆಯುವ ಮುಳ್ಳಿನ ಗೇಜು ನನ್ನ ಬಳಿ ಇರಲಿಲ್ಲ. ಸೈಕಲ್ಲಿನ ಒಂದು ಸ್ಪೋಕನ್ನು ಬಗ್ಗಿಸಿ ಚಕ್ರಕ್ಕೆ ಬಿಗಿದೆ. ಅದರ ತುದಿ ಗಂಟೆ ಕವಚದ ದುಂಡನೆಯ ಬಾಯಿಯ ಒಳಗೋಡೆಯನ್ನು ಮುಟ್ಟೀ ಮುಟ್ಟದ ಹಾಗೆ ಇಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಸಂದಿನಲ್ಲಿ ಬೀಡಿ ಕಟ್ಟಿನ ತೆಳು ಕಾಗದ ತೂರಿಸಿ ನೋಡಿದೆ. ಮೇಲೆ ಸಡಿಲ, ಕೆಳಗೆ ಬಿಗಿ. ಪ್ಲೇಟನ್ನು ಮರದ ಕೊಡತಿಯಿಂದ ತಟ್ಟಿ ಮತ್ತೆ ನೋಡಿದೆ. ಈಗ ಎಡಕ್ಕೆ ಬಿಗಿ. ಎರಡು ದಿನ ಇದೇ ಕೆಲಸ. ಸುತ್ತಲೂ ಕಾಗದ ಒಂದೇ ಸಮ ಎಳೆಯತೊಡಗಿದಾಗ ಬೋಲ್ಟು ಬಿಗಿದು, ಮತ್ತೆ ಜರುಗದಂತೆ ಎರಡು ಪಿನ್ನು ಹೊಡೆದೆ. ಬೇರೆಯವರು ನನ್ನನ್ನು ಹೊಗಳಲಿ ಎಂದು ನಾನು ಕಾಯುವವನಲ್ಲ, ಆ ದಿನ ನನ್ನನ್ನು ನಾನೇ ಹೊಗಳಿಕೊಂಡೆ.

ಆಮೇಲೆ ಇಂಜಿನ್ನಿನ ಕೆಳಗಿನ ಎಣ್ಣೆ ತಟ್ಟೆ ಮುಂದಿನ ಅಚ್ಚಿಗೆ ತಾಗಿತು. ಬಿಚ್ಚಿ ಮತ್ತೆ ಮಿರಜಿಗೆ ಒಯ್ದು, ತಾಗುವ ಭಾಗವನ್ನು ಕೊಯ್ಸಿ ಗ್ಯಾಸಿನಲ್ಲಿ ಬೆಸೆಸಿದೆ. ಒಳಗಿನ ಮಸಿಯನ್ನೆಲ್ಲ ಕಂಬಳಿ ಚೂರಿನಿಂದ ಚೆನ್ನಾಗಿ ಒರೆಸಿ ಮೇಲೇರಿಸಿದೆ. ಉದ್ದವಾಗಿದ್ದ ನಾಲ್ಕು ಬೆರಳಿಗಾಗಿ ರೇಡಿಯೇಟರನ್ನು ಮುಂದೆ ತಳ್ಳಿದೆ. ಕಾರು ಮೂತಿ ಉಬ್ಬಿಸಿಕೊಂಡು ನಿಂತಂತೆ ಕಾಣುತ್ತಿತ್ತು.

ಇಂಜಿನ್ನನ್ನು ಕೂರಿಸುವುದು ನನಗೆ ಬರುವ ಕೆಲಸ. ಬಾವಿಯಲ್ಲಿ ಹೇಗೆ ಕೂರಿಸುತ್ತಿದ್ದೆನೋ ಹಾಗೇ, ದಪ್ಪ ಕಬ್ಬಿಣದ ಕೋನಗಳನ್ನು ಗಾಡಿಯ ಚೌಕಟ್ಟಿಗೆ ಬಿಗಿದು, ಅದರ ಮೇಲೆ ಇಂಜಿನ್ನಿನ ಮುಂದಿನ ಕಾಲುಗಳನ್ನಿಟ್ಟು, ಮುಕ್ಕಾಲು ಇಂಚಿನ ಬೋಲ್ಟುಗಳನ್ನು ಮೈಭಾರವೆಲ್ಲ ಹಾಕಿ ಬಿಗಿದೆ. ಅದರ ಗವರ್ನರನ್ನೂ ಹಾಗೇ ಉಳಿಸಿಕೊಂಡೆ. ಗವರ್ನರ್ ಅಂದರೆ ಇಂಜಿನ್ನಿನ ಜೊತೆ ತಿರುಗುವ ಎರಡು ಕಬ್ಬಿಣದ ಗುಂಡುಗಳು. ವೇಗ ಹೆಚ್ಚಾದರೆ ಅವು ಹೊರಕ್ಕೆ ಚಾಚಿ ಪೆಟ್ರೋಲಿನ ಬಾಗಿಲನ್ನು ಮುಚ್ಚುತ್ತವೆ. ಕಡಿಮೆಯಾದರೆ ಒಳಕ್ಕೆ ಬಂದು ತೆರೆಯುತ್ತವೆ. ಕಾಲಿನ ಪೆಡಲನ್ನು ನಾನು ಈ ಗವರ್ನರಿನ ಸ್ಪ್ರಿಂಗಿಗೆ ಕಟ್ಟಿದೆ. ನಾನಿಟ್ಟ ಮಿತಿಯ ಆಚೆಗೆ ಎಷ್ಟೇ ಒತ್ತಿದರೂ ಇಂಜಿನ್ ಓಡದು.

ಗವರ್ನರ್ ಇಲ್ಲದ ಇಂಜಿನ್ ಅಂದರೆ ನನಗೆ ಹೆದರಿಕೆ. ಯಳವಿಯ ಒಂದು ಬಾವಿಯಲ್ಲಿ ಗವರ್ನರಿನ ಪಿನ್ನು ಮುರಿದು ಇಂಜಿನ್ ಹುಚ್ಚೆದ್ದು ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದರ ಚಕ್ರ ಕಿತ್ತುಕೊಂಡು ಜೋಳದ ಹೊಲದೊಳಗೆ ಹೋಗಿ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲ ಎಂಬುದೇ ಪುಣ್ಯ. ಇನ್ನು ಹಳೆಯ ಇಂಜಿನ್ನಿನ ರಾಡು ಮುರಿದದ್ದು ಕಣ್ಣ ಮುಂದೆಯೇ ಇತ್ತು. ಡ್ರೈವರಿನ ಕಾಲಿಗಿಂತ ಎರಡು ಕಬ್ಬಿಣದ ಗುಂಡುಗಳೇ ನಂಬಿಕೆಗೆ ಯೋಗ್ಯ ಎಂದುಕೊಂಡೆ.

ಮೊದಲ ಸಲ ಹ್ಯಾಂಡಲು ಹೊಡೆದಾಗ ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಒಂದೇ ದನಿ, ಒಂದೇ ವೇಗ, ಬಾವಿಯ ದಂಡೆಯಲ್ಲಿ ಕೇಳುವ ಹಾಗೆಯೇ. ಕಾಕಾ ಕಿವಿಗೊಟ್ಟು ಕೇಳಿದರು. ಹತ್ತಿ ಕೂತು ರಸ್ತೆಗೆ ಇಳಿಸಿದರು. ಯಳವಿಯ ಕಡೆ ಹೋಗಿ ಬಂದು ಗಾಡಿ ನಿಲ್ಲಿಸಿದಾಗ ಅವರ ಮುಖ ಗಂಟಾಗಿತ್ತು.

"ಇದೇನ್ರಿ ಮಿಸ್ತ್ರಿ, ಗಾಡಿ ತಲಿ ಒಗೀತೈತಲ್ಲ?"

ಅದು ನಿಜ. ಏರು ಬಂದರೆ ಗವರ್ನರ್ ಬಾಗಿಲು ತೆರೆಯುತ್ತದೆ, ಗಾಡಿ ಮುಂದಕ್ಕೆ ನುಗ್ಗುತ್ತದೆ. ನುಗ್ಗಿದೊಡನೆ ಮುಚ್ಚುತ್ತದೆ, ಗಾಡಿ ಹಿಂದಕ್ಕೆ ಜಗ್ಗುತ್ತದೆ. ಪಂಪಿನ ಭಾರ ಒಂದೇ ಸಮ ಇರುತ್ತದೆ, ರಸ್ತೆಯ ಭಾರ ಹಾಗಲ್ಲ. ಕೂತವರು ಟಗರು ಕಾಳಗಕ್ಕೆ ಹೊರಟವರ ಹಾಗೆ ತಲೆ ಹಾಕುತ್ತ ಹೋಗಬೇಕಿತ್ತು.

"ಸ್ಪ್ರಿಂಗ್ ಬದಲ ಮಾಡತೀನ್ರಿ, ಸಮಾ ಆಗತೈತಿ."

"ಸ್ಪ್ರಿಂಗ್ ಅಲ್ರಿ. ಆ ಗುಂಡು ತೆಗೀರಿ."

"ಗವರ್ನರ್ ತೆಗದ್ರ ಇಂಜಿನ್ ಯಾರ ಕೈಯಾಗ ಇರತೈತಿ?"

"ನನ್ನ ಕಾಲಾಗ."

ನಾನು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಇಂಜಿನ್ನಿನ ಕಡೆ ನೋಡಿದೆ. ಬೇಕೆಂದು ನೋಡಿದ್ದಲ್ಲ. ಅವರಿಗೆ ಅರ್ಥವಾಯಿತು.

"ಇಪ್ಪತ್ತು ವರ್ಷ ವಾಡೇದ ಮಕ್ಕಳ ಜೀವಾನ ಈ ಕಾಲಿನ ಮ್ಯಾಲ ಬಿಟ್ಟಿದ್ರು," ಎಂದರು ಸಾವಕಾಶವಾಗಿ. "ನಿಮಗ ಒಂದು ಇಂಜಿನ್ ಬಿಡಾಕ ಆಗವಲ್ದು."

ನಾನು ಜಗ್ಗಲಿಲ್ಲ. ಕೆಲಸ ನನ್ನದು, ನಾನು ಮಾಡಿದಂತೆ ಇರಬೇಕು ಎಂದೆ. ಅವರು ಮಾತು ಬೆಳೆಸದೆ, ತಮ್ಮನಿಗೆ ಗಾಡಿ ತೋರಿಸಿ ಬರುತ್ತೇನೆ ಎಂದು ಮಾಡಗ್ಯಾಳದ ದಾರಿ ಹಿಡಿದರು.

ಮರುದಿನ ಸಂಜೆ ಗಾಡಿ ಮತ್ತೆ ಅದೇ ಎತ್ತುಗಳ ಹಿಂದೆ ಬಂತು. ಮಾಡಗ್ಯಾಳದಿಂದ ಹೊರಳಿ ಬರುವಾಗ ಗೇರ್‌ಬಾಕ್ಸಿನ ಕವಚದಲ್ಲಿ ಬೋಲ್ಟು ಕೂರುವ ಕಿವಿ ಮುರಿದು, ಇಂಜಿನ್ನಿನ ಹಿಂಬದಿ ಕುಸಿದು ಸ್ಟೇರಿಂಗಿನ ಸರಳಿನ ಮೇಲೆ ಕೂತಿತ್ತು. ಮುಂದಿನ ಗಾಲಿಗಳು ಹೊರಳದೆ ಗಾಡಿ ರಸ್ತೆ ಬಿಟ್ಟು ಜಾಲಿ ಗಿಡದಲ್ಲಿ ಹೊಕ್ಕಿತ್ತು. ಕಾಕಾ ಮೊಳಕೈ ತರಚಿಕೊಂಡಿದ್ದರು. ಬೇರೆ ಯಾರೂ ಕೂತಿರಲಿಲ್ಲ. ನಾನು ಕೆಳಗೆ ತೆವಳಿ ನೋಡಿದೆ. ನನ್ನ ಮುಕ್ಕಾಲು ಇಂಚಿನ ಬೋಲ್ಟುಗಳು ಒಂದೂ ಅಲುಗಿರಲಿಲ್ಲ. ಅವೇ ತಪ್ಪು. ಬಾವಿಯಲ್ಲಿ ಇಂಜಿನ್ನಿನ ನಡುಕವನ್ನು ಕಾಂಕ್ರೀಟೂ ಅದರ ಕೆಳಗಿನ ಭೂಮಿಯೂ ನುಂಗಿಕೊಳ್ಳುತ್ತವೆ. ಇಲ್ಲಿ ನುಂಗುವವರು ಯಾರೂ ಇಲ್ಲದೆ ಆ ನಡುಕವೆಲ್ಲ ಹೋಗಿ ಅತಿ ತೆಳುವಾಗಿದ್ದ ಕಿವಿಯನ್ನು ಹರಿದಿತ್ತು.

"ಗಾಡಿ ಬಾಂವಿ ಅಲ್ರಿ, ಮಿಸ್ತ್ರಿ," ಎಂದರು ಕಾಕಾ. ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಡಬಹುದಿತ್ತು. ಅವರು ದಣಿದವರ ಹಾಗೆ ಹೇಳಿದರು. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಹಳೆಯ ಇಂಜಿನ್ ಹೇಗೆ ಕೂತಿತ್ತು ಎಂದು ನೋಡಲು ಅದನ್ನು ಮೂಲೆಯಿಂದ ಎಳೆದೆ. ಅದರ ಮುಂದಿನ ಕಾಲಿಗೆ ದಪ್ಪ ರಬ್ಬರಿನ ತುಂಡು ಅಂಟಿಕೊಂಡಿತ್ತು. ಕಳಚುವಾಗ ಅದನ್ನು ಕೊಳೆ ಎಂದುಕೊಂಡಿದ್ದೆ. ಆ ಕಾಲನ್ನು ಬಿಚ್ಚಲು ಇಂಜಿನ್ನನ್ನು ಮಗುಚಿ ಹಾಕಿದಾಗ ಒಡೆದ ಹೊಟ್ಟೆ ಬೆಳಕಿಗೆ ಬಂತು. ಮುರಿದ ರಾಡಿನ ಬುಡ ನೋಡಿದೆ. ಅತಿ ವೇಗದಿಂದ ಮುರಿದ ರಾಡು ಬಿಳಿಯಾಗಿ ಮುರಿದಿರುತ್ತದೆ. ಇದರ ಬುಡ ಕಾದು ನೀಲಿಗಟ್ಟಿತ್ತು, ಬೇರಿಂಗಿನ ಬಿಳಿ ಲೋಹ ಕರಗಿ ಹರಿದಿತ್ತು. ಆ ಒಂದು ರಾಡಿಗೆ ಮಾತ್ರ ಎಣ್ಣೆ ಸಿಕ್ಕಿರಲಿಲ್ಲ. ಇಂಥ ಸಣ್ಣ ಇಂಜಿನ್ನುಗಳಲ್ಲಿ ಒಂದೊಂದು ರಾಡಿಗೆ ಒಂದೊಂದು ಸೂಜಿತೂತಿನಿಂದ ಎಣ್ಣೆ ಚಿಮ್ಮುತ್ತದೆ. ಮೂರು ತೂತುಗಳೊಳಗೆ ತಂತಿ ಸರಾಗವಾಗಿ ಹೋಯಿತು. ನಾಲ್ಕನೆಯದರಲ್ಲಿ ಸಿಕ್ಕಿಕೊಂಡಿತು. ಚುಚ್ಚಿ ಎಳೆದಾಗ ಎಣ್ಣೆ ಕುಡಿದು ಗಟ್ಟಿಯಾದ ಒಂದು ಕರಿಯ ಎಳೆಗಂಟು ಹೊರಬಂತು. ಸೀಮೆಎಣ್ಣೆಯಲ್ಲಿ ತೊಳೆದು ಬೆಂಕಿಗೆ ಹಿಡಿದೆ. ಸುಟ್ಟ ಕೂದಲಿನ ವಾಸನೆ ಬಂತು. ಉಣ್ಣೆ.

ಕಾಕಾ ಬಾಗಿಲಲ್ಲಿ ಕೂತು ಮೊಳಕೈಗೆ ಅರಿಸಿನ ಹಚ್ಚಿಕೊಳ್ಳುತ್ತಿದ್ದರು.

"ಕಾಕಾ, ಈ ಇಂಜಿನ್ ಕೆಳಗಿನ ತಟ್ಟಿ ಬಿಚ್ಚಿ ಯಾರು ಸ್ವಚ್ಛ ಮಾಡಿದ್ರು?"

"ನಾನ. ಬ್ಯಾಸಗ್ಯಾಗ. ಒಳಗ ಕನ್ನಡಿ ಹಾಂಗ ಒರಸಿದ್ದೆ."

"ಯಾತರಲೆ?"

"ತಮ್ಮ ಕೊಟ್ಟ ಕಂಬಳಿ ಚೂರಲೆ. ಮತ್ಯಾತರಲೆ ಒರಸೂದು?"

ನಮ್ಮ ತಾಲೂಕಿನಲ್ಲಿ ಎಲ್ಲರೂ ಒರೆಸುವುದು ಕಂಬಳಿ ಚೂರಿನಿಂದಲೇ. ಅರಿವೆಗಿಂತ ಹೆಚ್ಚು ಎಣ್ಣೆ ಹೀರುತ್ತದೆ, ಸುಮ್ಮನೆ ಸಿಗುತ್ತದೆ. ಬಾವಿ ಇಂಜಿನ್ನಿನ ಎಣ್ಣೆ ಬಟ್ಟಲಿಗೆ ಉಣ್ಣೆಯ ಬತ್ತಿಯನ್ನೇ ಹಾಕುವ ಪದ್ಧತಿ. ಅಲ್ಲಿ ಎಣ್ಣೆಯ ದಾರಿಗಳು ಕಿರುಬೆರಳು ಹೋಗುವಷ್ಟು ದೊಡ್ಡವು, ನಾಲ್ಕು ಎಳೆ ಬಿದ್ದರೆ ಕೇಳುವವರಿಲ್ಲ. ಈ ಸೂಜಿತೂತಿಗೆ ಒಂದೇ ಎಳೆ ಸಾಕಾಗಿತ್ತು.

"ಕಾಕಾ, ರಾಡು ಜೋರ ಹೊಡದಿದ್ದಕ್ಕ ಮುರದಿಲ್ರಿ," ಎಂದು ಆ ಗಂಟನ್ನು ಅವರ ಅಂಗೈಗೆ ಹಾಕಿದೆ.

ಅವರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಕುರುಬರ ಮನೆಯಲ್ಲಿ ಹುಟ್ಟಿದವರಿಗೆ ಬೆಂಕಿಗೆ ಹಿಡಿದು ತೋರಿಸಬೇಕಾಗಿರಲಿಲ್ಲ.

"ನಮ್ಮ ಮನೀದ," ಎಂದರು. "ನಾ ಕುರಿ ಬಿಟ್ಟು ಬಂದ್ರೂ ಕುರಿ ನನ್ನ ಬಿಟ್ಟಿಲ್ಲ ನೋಡ್ರಿ." ನಕ್ಕರು, ಆದರೆ ಕಣ್ಣು ಒರೆಸಿಕೊಂಡರು. ತಿಂಗಳುಗಟ್ಟಲೆ ಅವರೂ ತಮ್ಮ ಕಾಲಿನ ಮೇಲೆಯೇ ಅನುಮಾನ ಪಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ನನಗೆ ಇನ್ನೊಂದು ವಿಷಯವೂ ಹೊಳೆಯಿತು. ಟಾಕೀಜಿನ ಇಂಜಿನ್ನಿನ ಎಣ್ಣೆ ತಟ್ಟೆಯನ್ನು ನಾನು ಒರೆಸಿದ್ದೂ ಕಂಬಳಿ ಚೂರಿನಿಂದಲೇ. ಆ ಚೂರು ಇನ್ನೂ ನನ್ನ ಹೆಗಲ ಮೇಲಿತ್ತು. ಅದರ ಎಣ್ಣೆ ದಾರಿಗಳೂ ಇಂಥವೇ.

ಗಾಡಿ ಈಗ ಇದ್ದಂತೆಯೇ ಕಿವಿ ಬೆಸೆಸಿ ಕೂರಿಸಿದ್ದರೆ ಇನ್‌ಸ್ಪೆಕ್ಟರು ಬರುವುದರೊಳಗೆ ಆರಾಮಾಗಿ ಮುಗಿಯುತ್ತಿತ್ತು, ಪರೀಕ್ಷೆಯ ದಿನ ಓಡುತ್ತಲೂ ಇತ್ತೇನೋ. ಆಮೇಲೆ ಎಂದೋ ಒಂದು ದಿನ ಮಂದಿ ಕೂತಿರುವಾಗ ಮುರಿಯುತ್ತಿತ್ತು. ಎಲ್ಲವನ್ನೂ ಮತ್ತೆ ಇಳಿಸಬೇಕು ಎಂದೆ. ಕಾಕಾ ಬೆರಳು ಮಡಚಿ ದಿನ ಎಣಿಸಿದರು, ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಅವರನ್ನು ಕೋಟಿಲ್ಲದೆ ನೋಡಿದ್ದು ಅದೇ ಮೊದಲು.

ಇಂಜಿನ್ ಇಳಿಸಿ, ತಟ್ಟೆ ಬಿಚ್ಚಿ, ಪ್ರತಿಯೊಂದು ಎಣ್ಣೆ ದಾರಿಗೂ ಸೀಮೆಎಣ್ಣೆ ಹೊಡೆದು ತಂತಿ ಹಾಕಿದೆವು. ಎರಡು ಕಡೆ ಎಳೆ ಸಿಕ್ಕವು. ನನ್ನ ಹಳೆಯ ಧೋತರವೊಂದನ್ನು ಹರಿದು ಅದರಿಂದ ಒರೆಸಿದೆವು. ಕವಚದ ಕಿವಿಯನ್ನು ಬೆಸೆಸಲು ಕಾಕಾ ಮಿರಜಿಗೆ ಹೋಗಿ ಬಂದರು. ನಾನು ಲಾರಿಯ ಹರಿದ ಟಾಯರಿನ ದಪ್ಪ ಭಾಗವನ್ನು ಕೊಯ್ದು ಇಂಜಿನ್ನಿಗೂ ಚೌಕಟ್ಟಿಗೂ ನಡುವೆ ಇಟ್ಟೆ. ಬೋಲ್ಟನ್ನು ಮೈಭಾರ ಹಾಕದೆ, ರಬ್ಬರು ಉಬ್ಬಿದ ಕೂಡಲೇ ನಿಲ್ಲಿಸಿ, ಮೇಲೊಂದು ನಟ್ಟು ಹಾಕಿ ಲಾಕು ಮಾಡಿದೆ. ಕೈಯಿಂದ ದಬ್ಬಿದರೆ ಇಂಜಿನ್ ಅಲುಗಾಡುತ್ತಿತ್ತು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ, ಮುಖ ತಿರುಗಿಸಿದೆ.

ಕೊನೆಗೆ ಉಳಿದದ್ದು ಗವರ್ನರ್. ಕಾಕಾ ಅದರ ಮಾತನ್ನೇ ಎತ್ತಲಿಲ್ಲ. ಸ್ಪ್ರಿಂಗು ಬದಲಾಯಿಸಿದರೆ ತಲೆ ಹಾಕುವುದು ಕಡಿಮೆಯಾಗುತ್ತಿತ್ತು, ನಾನು ಹೊಸ ಸ್ಪ್ರಿಂಗನ್ನೂ ತಂದಿಟ್ಟುಕೊಂಡಿದ್ದೆ. ಅದನ್ನು ಕೈಗೆ ತೆಗೆದುಕೊಂಡೆ. ಯಳವಿಯ ಆ ಚಕ್ರ ಕಣ್ಣಿಗೆ ಕಟ್ಟಿತ್ತು. ಆದರೆ ಅಲ್ಲಿ ಇಂಜಿನ್ನಿನ ಮುಂದೆ ಯಾರೂ ಕೂತಿರಲಿಲ್ಲ, ಇಲ್ಲಿ ಒಬ್ಬರು ಕೂತಿರುತ್ತಾರೆ. ಗುಂಡುಗಳನ್ನು ಬಿಚ್ಚಿ ತೆಗೆದೆ, ಅವಿದ್ದ ಜಾಗದ ಬಾಯಿಗೆ ತಗಡು ಮುಚ್ಚಿದೆ, ಪೆಡಲಿನ ಸರಳನ್ನು ನೇರವಾಗಿ ಕಾರ್ಬೊರೇಟರಿಗೆ ಕಟ್ಟಿದೆ. ಕಾಕಾ ನೋಡುತ್ತ ನಿಂತಿದ್ದರು.

ಇನ್‌ಸ್ಪೆಕ್ಟರು ಬಂದದ್ದು ದೀಪಾವಳಿಗೆ ಮೂರು ದಿನ ಮೊದಲು. ಪ್ರವಾಸಿ ಬಂಗಲೆಯ ಮುಂದೆ ಗಾಡಿ ನಿಲ್ಲಿಸಿದ್ದೆವು. ಅವರು ಉಬ್ಬಿದ ಮೂತಿ ನೋಡಿ, ಮುಚ್ಚಳ ಎತ್ತಿಸಿ, ಟಾಯರಿನ ತುಂಡುಗಳನ್ನು ಬೆರಳಿಂದ ಒತ್ತಿ ನೋಡಿದರು. ಇದು ಯಾವ ಗಾಡಿಯ ಇಂಜಿನ್ ಎಂದು ಕೇಳಿದರು.

"ಸಿನಿಮಾದ್ದು, ಸಾಹೇಬ್ರ," ಎಂದರು ಕಾಕಾ.

ಸಾಹೇಬರು ನಗಲಿಲ್ಲ. ಮುಂದೆ ಹತ್ತಿ ಕೂತರು. ಗಾಡಿ ಪೂರಾ ತುಂಬಿರಬೇಕೆಂದು ಬಂಗಲೆಯ ಕಾವಲುಗಾರನನ್ನೂ ನನ್ನನ್ನೂ ಹಿಂದೆ ಕೂರಿಸಿದರು. ಊರು ದಾಟಿ ನೆಟ್ಟನೆಯ ರಸ್ತೆ ಬಂದಾಗ, "ಹೊಡೀರಿ, ನೋಡೂಣು. ಎಷ್ಟು ಓಡತೈತೋ ಅಷ್ಟು ಹೊಡೀರಿ," ಎಂದರು.

ಕಾಕಾ ಹೊಡೆದರು. ಇಂಜಿನ್ನಿನ ದನಿ ನಾನು ಕೇಳಿದ ಮಿತಿಯನ್ನು ದಾಟಿ ಏರಿತು, ಇನ್ನೂ ಏರಿತು. ನಾನು ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹೆದರಿದ್ದೆ, ಅದನ್ನು ಮುಚ್ಚಿಡುವುದೇಕೆ. ಬಾಯಲ್ಲಿ ದೇವರ ಹೆಸರು ಬಂತು. ಸಾಹೇಬರು ಕೈ ಎತ್ತಿದರು, ಕಾಕಾ ಕಾಲು ಸಡಿಲಿಸಿದರು, ದನಿ ಇಳಿಯಿತು. ಬ್ರೇಕು ಹಾಕಿಸಿದರು. ಏರಿನಲ್ಲಿ ನಿಲ್ಲಿಸಿ ಎತ್ತಿಸಿದರು. ಸ್ಟೇರಿಂಗನ್ನು ತುದಿಯಿಂದ ತುದಿಗೆ ತಿರುಗಿಸಿ ನೋಡಿದರು. ಬಂಗಲೆಗೆ ಮರಳಿ ಬಂದು ಕುರ್ಚಿಯಲ್ಲಿ ಕೂತು ಸಹಿ ಮಾಡಿಕೊಟ್ಟರು. ಕಾಕಾ ಅವರಿಗೆ ಸಲಾಮು ಹೊಡೆದದ್ದು ವಾಡೆಯ ಕಾಲದ ಸಲಾಮು, ಮೊಣಕೈ ಭುಜದ ಸಮಕ್ಕೆ ಬಂದಿತ್ತು.

ಬಂಗಲೆಯಿಂದ ಪೇಟೆಗೆ ಬರುವಾಗ ನಾನು ಮುಂದೆ ಕೂತಿದ್ದೆ. ದಾರಿ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಅರ್ಧ ದಾರಿ ಬಂದ ಮೇಲೆ ನನ್ನ ಕಿವಿಗೆ ಏನೋ ಹತ್ತಿತು. ಇಂಜಿನ್ ಒಂದೇ ದನಿಯಲ್ಲಿ ಓಡುತ್ತಿತ್ತು. ನಾನು ಗವರ್ನರಿಗೆ ಯಾವ ಮಿತಿ ಇಟ್ಟಿದ್ದೆನೋ ಸರಿಯಾಗಿ ಅದೇ ದನಿ, ಏರಿನಲ್ಲೂ ಅದೇ, ಇಳಿಜಾರಿನಲ್ಲೂ ಅದೇ. ಗಾಡಿ ಮಾತ್ರ ತಲೆ ಹಾಕುತ್ತಿರಲಿಲ್ಲ. ಕೆಳಗೆ ನೋಡಿದೆ. ಪೆಡಲಿನ ಮೇಲೆ ಕಾಕಾರ ಕಾಲು ಒಂದಿಷ್ಟು ಒತ್ತುತ್ತ, ಒಂದಿಷ್ಟು ಬಿಡುತ್ತ ಇತ್ತು, ಅದನ್ನು ಅವರು ನೋಡುತ್ತಲೂ ಇರಲಿಲ್ಲ.

ನನಗೆ ಸಂತೋಷವಾಯಿತು, ಜೊತೆಗೆ ಸಿಟ್ಟೂ ಬಂತು.

"ಕಾಕಾ, ನಾ ಇಟ್ಟಷ್ಟ ಓಡಸಾಕತ್ತೀರಲ್ಲ. ಹಂಗಿದ್ರ ಗವರ್ನರ್ ಯಾಕ ತೆಗಸಿದ್ರಿ?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಚಲೋ ಇಟ್ಟಿದ್ರಿ. ಈ ಇಂಜಿನ್ನಿಗೆ ಇಷ್ಟ ಬರೋಬ್ಬರಿ," ಎಂದರು. "ಆದ್ರ ಅದು ಹಿಡದ್ರ ಗಾಡಿ ಅದರದು. ನಾ ಹಿಡದ್ರ ನಂದು."

ಪೇಟೆಯ ಮೂಲೆಯಲ್ಲಿ ಮೂವರು ಗಂಟುಗಳನ್ನಿಟ್ಟುಕೊಂಡು ನಿಂತಿದ್ದರು. ಪರ್ಮಿಟ್ ಸಿಕ್ಕ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಕಾಕಾ ಗಾಡಿ ನಿಲ್ಲಿಸಿ, ಟೊಪ್ಪಿಗೆ ಸರಿಮಾಡಿಕೊಂಡರು.

"ಇಳೀರಿ ಮಿಸ್ತ್ರಿ, ಪ್ಯಾಸೆಂಜರ್ ಕಾಯಾಕತ್ತಾರ. ರೈಲಿನ ವ್ಯಾಳ್ಯಾ ಆತು."

ನಾನು ಇಳಿದೆ. ನನ್ನ ಜಾಗದಲ್ಲಿ ಒಬ್ಬ ಅಜ್ಜಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಸ್ಟೇಷನ್ನಿನ ದಾರಿ ಹಿಡಿಯಿತು. ಶೆಡ್ಡಿನ ತನಕ ನಡೆದುಕೊಂಡು ಬಂದೆ, ಬರುವಷ್ಟು ದೂರವೂ ಅದರ ದನಿ ಕೇಳಿಸುತ್ತಿತ್ತು. ಏರು ಬಂದಾಗ ಬದಲಾಗುತ್ತದೇನೋ ಎಂದು ನಿಂತು ಕೇಳಿದೆ, ಬದಲಾಗಲಿಲ್ಲ.